ಒಂದು ಅಂಗಿ, ಇಬ್ಬರು ಕಾವಲುಗಾರರು

ಮಾರ್ಚ್ ೧೪, ಗುರುವಾರ

ನಕ್ಷೆ ವಿಭಾಗದ ಕಂಪ್ಯೂಟರ್‌ಗಳಲ್ಲಿ ಫೈಲ್ ತೆರೆದರೆ ಸಾಕು, ನಕ್ಷೆ ಬಿಡಿಸುವ ಸಾಫ್ಟ್‌ವೇರ್ ಕ್ರ್ಯಾಶ್ ಆಗುತ್ತಿತ್ತು. ಮೂರು ದಿನ ನಾನು ತಲೆ ಕೆರೆದುಕೊಂಡದ್ದೇ ಬಂತು. ನಮ್ಮ ಐಟಿ ತಂಡಕ್ಕೆ ಹೊಸದಾಗಿ ಸೇರಿದವಳು, ಯಾರು ಯಾವಾಗ ಏನು ಮಾಡಿದರೆಂದು ಕಂಪ್ಯೂಟರ್ ಬರೆದಿಡುವ ಲಾಗ್ ನೋಡಿ ಹತ್ತೇ ನಿಮಿಷದಲ್ಲಿ ಹೇಳಿದಳು: "ಎರಡು ಆಂಟಿವೈರಸ್ ಇದೆ ಸರ್. ಇಬ್ರು ಕಾವಲುಗಾರರು ಒಬ್ಬನ ಅಂಗಿ ಹಿಡಿದು ಎಳೆದ್ರೆ ಹರಿಯದೆ ಇರುತ್ತಾ?"

ಮ್ಯಾನೇಜರ್ ಬಿದ್ದು ಬಿದ್ದು ನಕ್ಕರು. ಈ ಹನ್ನೆರಡು ವರ್ಷದಲ್ಲಿ ನನ್ನ ಯಾವ ಮಾತಿಗೂ ಅವರು ಹಾಗೆ ನಕ್ಕಿಲ್ಲ.

ಎರಡನೆಯದನ್ನು ಹಾಕಿದವನು ನಾನೇ. ಹಳೆಯದನ್ನು ತೆಗೆಯಲು ಮರೆತಿದ್ದೆ. ಲಾಗ್‌ನಲ್ಲಿ ನನ್ನ ಹೆಸರಿತ್ತು, ಅವಳು ಅದನ್ನು ನೋಡಿಯೂ ಇದ್ದಳು. ರಿಪೋರ್ಟ್‌ನಲ್ಲಿ ಮಾತ್ರ ಬರೆಯಲಿಲ್ಲ. ಕಾರಿಡಾರಿನಲ್ಲಿ ಸಿಕ್ಕಾಗ ಮೆಲ್ಲಗೆ, "ಬಿಡಿ ಸರ್, ಯಾರಿಗಾದ್ರೂ ಆಗುತ್ತೆ" ಎಂದಳು.

ಬರೀ ಜಾಣೆಯಾಗಿದ್ದರೆ ಬೈದುಕೊಂಡಾದರೂ ನೆಮ್ಮದಿಯಾಗಿ ಮಲಗುತ್ತಿದ್ದೆ. ಒಳ್ಳೆಯವಳೂ ಆಗಿರಬೇಕಿತ್ತೇ?