ನೆಟ್ಟಿನ ಬುಡಕ್ಕ ಬಿದ್ದ ಚೆಂಡು

ಜೇವರ್ಗಿ
ತಾ. ೯ ಡಿಸೆಂಬರ್ ೧೯೪೪

ಚಿರಂಜೀವಿ ತಮ್ಮ ರೇವಪ್ಪಗ ನಿನ್ನ ಅಣ್ಣನ ಆಶೀರ್ವಾದ.

ಬರಿಯಾಕ ತಡ ಆತು, ಸಿಟ್ಟಾಗಬ್ಯಾಡ. ಜೋಳಕ್ಕ ಹಂದಿ ಬೀಳಾಕತ್ತಾವ, ಅವ್ವನ ಮೊಣಕಾಲು ಹಿಡಿದದ. ನಿನ್ನ ವೈನಿ ಗುರಮ್ಮ ಶೇಂಗಾ ಹಿಂಡಿ ಕುಟ್ಟಿ ಇಟ್ಟಾಳ, ಯಾರ ಕೈಯಾಗರೆ ಕಳಸ್ತೇನಿ.

ಟೇಬಲ್ ಟೆನಿಸ್‌ನಾಗ ನೀ ನಿಮ್ಮ ಕಾಲೇಜಿನ ಸೈದಪ್ಪನ ಕೈಲೆ ಸೋತಿದ್ದು ಕಣ್ಣಾರೆ ನೋಡೇನಿ. ಗುಲ್ಬರ್ಗಾಕ್ಕ ಬಂದು ಮಂದಿ ಹಿಂದ ನಿಂತಿದ್ದೆ. ನಿಮ್ಮಿಬ್ಬರಾಗ ಕಡೀಕ ಗೆದ್ದಾಂವ ಹೈದರಾಬಾದಿಗೆ ಆಡಾಕ ಹೋಗ್ತಾನ, ಅಲ್ಲೇ ದೊಡ್ಡ ಕಾಲೇಜಿನಾಗ ಓದಸ್ತಾರಂತ. ಜನವರಿಯಾಗ ಇನ್ನೊಂದು ಮ್ಯಾಚ್ ಅದ, ಅದೇ ಕಡೀದು ಅಂತ ನಿಮ್ಮ ಆಟದ ಮಾಸ್ತರು ಹೇಳಿದ್ರು.

ಈಗ ನಿನ್ನ ತಪ್ಪು ಕೇಳು. ನಾಚಿಕಿಗೇಡಿ ಆಟ ಆಡಿದಿ ಲೇ. ಮೊದಲ ಗೇಮ್ ಗೆದ್ದಿ ಖರೆ, ದೂರದ ಚೆಂಡು ನಿನಗ ನೀರು ಕುಡದಂಗ. ಎರಡನೇದರಾಗ ಅವ ನೆಟ್ಟಿನ ಬುಡಕ್ಕ ಮೆಲ್ಲಕ ಹಾಕಾಕ ಹತ್ತಿದ, ಅಲ್ಲಿಗೆ ನಿನ್ನ ಕಥಿ ಮುಗೀತು. ಮುಂದಕ್ಕ ಬಗ್ಗುವಾಗ ನಿನ್ನ ಎಡಗೈ ಎದಿಗೆ ಹೋಗ್ತದ. ಕೊಳ್ಳಾಗಿನ ಲಿಂಗದ ಕರಡಿಗಿ ಟೇಬಲ್ಲಿಗೆ ಬಡದೀತಂತ ಹಿಡ್ಕೋತಿ. ಬಾವಿಗೆ ಬಗ್ಗಿದ್ರೂ ಹಿಡ್ಕೋ ಅಂತ ಅವ್ವ ಸಣ್ಣಾಂವಿದ್ದಾಗ ಕಲಿಸಿದ್ದಲ್ಲ, ಅದ ಚಾಳಿ. ಮೈಭಾರೆಲ್ಲ ಒಂದ ಕಡಿ, ಬ್ಯಾಟಿನಾಗ ಜೀವಾನ ಇರೂದಿಲ್ಲ. ನನ್ನ ಬಾಜೂಕ ನಿಂತಾಂವ, ಇವಗೇನು ಎದಿನೋವೇನ್ರಿ ಅಂತ ಕೇಳಿ ನಕ್ಕ. ನಾನೂ ನಕ್ಕೆ.

ಕರಡಿಗಿ ಅರಿವ್ಯಾಗ ಸುತ್ತಿ, ಅಂಗಿ ಒಳಗ ಎದಿಗೆ ಬಿಗಿದು ಕಟ್ಟು. ದಿನಾ ಮುಂಜಾನೆ ಯಾರರೆ ಗೆಳೆಯಗ ಬರೇ ನೆಟ್ಟಿನ ಬುಡಕ್ಕ ಗಿಡ್ಡ ಚೆಂಡು ಹಾಕಂತ ಹೇಳು, ಎಡಗೈ ಹಿಂದ ಚಾಚಿ ಆಡು. ಕೈ ಮತ್ತ ಎದಿಗೆ ಹೋದ್ರ ಅವ ಕಪಾಳಕ್ಕ ಹೊಡೀಲಿ, ನಾ ಹೇಳೇನಂತ ಹೇಳು. ಅಳೂದು ಬಿಡು. ಸೋತಮ್ಯಾಲ ಕಂಬದ ಹಿಂದ ನಿಂತು ಅತ್ತಿದ್ದೂ ನೋಡೇನಿ, ಹೇಸಿಕಿ ಆತು.

ಹೊಟ್ಟಿತುಂಬ ಉಣ್ಣು. ಶಿವ ನಿನ್ನ ಚಂದಾಗಿ ಇಟ್ಟಿರಲಿ.

ನಿನ್ನ ಅಣ್ಣ
ದೌಲತರಾಯ

ತಾ.ಕ.: ಅಪ್ಪ ಸತ್ತಾಗ ಮನಿ ಹಿರ್ಯಾರು ಕಾಲೇಜು ಬಿಡಿಸಿ ನನ್ನ ಕೈಗೆ ನೇಗಿಲು ಕೊಟ್ರು, ನಿನ್ನ ಓದಾಕ ಕಳಿಸಿದ್ರು. ಮೊದಲ ಗೇಮ್ ನೀ ಗೆದ್ದಾಗ ಸೈದಪ್ಪ ನೀರು ಕುಡಿಯಾಕ ಹೊರಗ ಬಂದಿದ್ದ. ನೆಟ್ಟಿನ ಬುಡಕ್ಕ ಹಾಕು, ನನ್ನ ತಮ್ಮ ಎದಿ ಹಿಡ್ಕೋತಾನ ಅಂತ ಅವಗ ಹೇಳಿದಾಂವ ನಾನ. ಹೈದರಾಬಾದಿಗೆ ಹೋದ್ರ ನೀ ತಿರುಗಿ ಬರಾಂವಲ್ಲ. ಈ ಹೊಲದಾಗ ನಾ ಒಬ್ಬನ ಯಾಕ ಸಾಯಲಿ? ಜನವರಿಗೆ ನೀ ಏನು ತಯಾರಿ ಮಾಡ್ತಿ ಅನ್ನೂದೂ ಅವಗ ಬರದು ಹಾಕೇನಿ.