ಅಥಣಿಯ ಶಿಬಿರದಲ್ಲಿ ನಾನು ಬಿಟ್ಟ ಮಾತು

ಗೆಳತಿ ಶಾಲನ್,

ಇವತ್ತು ಬೆಳಿಗ್ಗೆ ಹಾರೂಗೇರಿಯ ನಮ್ಮ ಓಣಿಯಲ್ಲಿ ಒಬ್ಬ ಹೆಂಗಸು ತುಂಬಿದ ಕೊಡವನ್ನು ನಮ್ಮ ಕಟ್ಟೆಯ ಮೇಲಿಟ್ಟು ನಿಂತಳು. ಯಾರನ್ನೂ ಕರೆಯಲಿಲ್ಲ. ಸೆರಗು ಸರಿಮಾಡಿಕೊಳ್ಳುವವಳ ಹಾಗೆ ನಟಿಸುತ್ತ ಉಸಿರು ಕೂಡಿಸಿಕೊಂಡಳು. ನೀನು ಹಾಸ್ಟೆಲಿನ ಮೆಟ್ಟಿಲ ನಡುವೆ ಚಪ್ಪಲಿಯ ಬಾರು ಸರಿಮಾಡಲು ಕೂರುತ್ತಿದ್ದೆಯಲ್ಲ, ಹಾಗೆ. ಮೂರು ವರ್ಷ ಒಂದೇ ಕೋಣೆಯಲ್ಲಿದ್ದೂ ಆ ಬಾರು ದಿನಾ ಯಾಕೆ ಸಡಿಲವಾಗುತ್ತದೆ ಎಂದು ನಾನು ಕೇಳಲಿಲ್ಲ. ಸಾಹಿತ್ಯ ಓದುವವಳು, ಎಲ್ಲವನ್ನೂ ಗಮನಿಸುವವಳು ಎಂದು ನೀನೇ ನನ್ನನ್ನು ಹೊಗಳುತ್ತಿದ್ದೆ. ಏನು ಗಮನಿಸಿದೆ ನಾನು?

ಅಥಣಿಯ ಆ ಶಿಬಿರಕ್ಕೆ ಹೋದದ್ದು ಬಿ.ಎ. ಕೊನೆಯ ವರ್ಷದಲ್ಲಿ. ಶುಕ್ರವಾರ ಸಂಜೆಯಿಂದ ರವಿವಾರದವರೆಗೆ, ಸುತ್ತಲಿನ ಕಾಲೇಜುಗಳ ಕ್ರೈಸ್ತ ವಿದ್ಯಾರ್ಥಿಗಳೆಲ್ಲ ಒಂದು ಹಳೆಯ ಶಾಲೆಯಲ್ಲಿ. ನಿಪ್ಪಾಣಿ, ಬೋರಗಾಂವ ಕಡೆಯ ನೀವು ಮರಾಠಿಯವರು; ರಾಯಬಾಗ, ಅಥಣಿ ಕಡೆಯ ನಾವು ಕನ್ನಡದವರು. ಪ್ರತಿ ಮಾತನ್ನೂ ಎರಡು ಸಲ ಆಡಬೇಕು. ಯಾರೋ ಆ ಕೆಲಸಕ್ಕೆ ನನ್ನನ್ನು ಮುಂದೆ ತಳ್ಳಿದರು. "ಇಕಿ ಬಾಯಾಗ ಎರಡು ಭಾಷಾ ಅದಾವ್ರಿ, ಖರೆ ಒಂದೂ ಹೊರಗ ಬರಂಗಿಲ್ಲ" ಎಂದು ನೀನು ಎಲ್ಲರನ್ನೂ ನಗಿಸಿದೆ. ಚೇಷ್ಟೆಗೆ ಸಾಲುವಷ್ಟು ಕನ್ನಡ ನಿನಗಿತ್ತು. ಮನಸ್ಸಿನ ಮಾತಿಗೆ ಮರಾಠಿಯೇ ಬೇಕಿತ್ತು. ನಾನು ಹೋಗಿ ನಿಂತೆ. ಬೇರೆಯವರ ಮಾತು ಆಡುವಾಗ ನನಗೆ ನಾಚಿಕೆ ಇರುತ್ತಿರಲಿಲ್ಲ.

ಶನಿವಾರ ಮಧ್ಯಾಹ್ನ ಸಾಕ್ಷಿಯ ಹೊತ್ತು. ಒಬ್ಬೊಬ್ಬರೇ ಎದ್ದು, ದೇವರು ತಮ್ಮ ಬದುಕಿನಲ್ಲಿ ಮಾಡಿದ್ದನ್ನು ಹೇಳಬೇಕು. ಅಡುಗೆಗೆಂದು ರಾಯಬಾಗದಿಂದ ಬಂದಿದ್ದ ಮಾರ್ಥಕ್ಕ ಕನ್ನಡದವರ ಸಾಲಿನಲ್ಲಿ ಕೂತಿದ್ದರು. ನಿನಗೆ ಗೊತ್ತುಮಾಡಿದ್ದ ಗಂಡಿನ ಅಕ್ಕ. ಮರಾಠಿ ಒಂದಕ್ಷರ ಬಾರದವರು. ನೀನು ಎದ್ದು, ಚಿಕ್ಕವಳಿದ್ದಾಗ ಕೀಲುನೋವಿನ ಜ್ವರ ಬಂದಿತ್ತು ಎಂದೆ. ಅದನ್ನು ನಾನು ಕನ್ನಡಕ್ಕೆ ತಂದೆ. ಆ ಜ್ವರ ಎದೆಗೆ ಇಳಿಯಿತು ಎಂದೆ. ಅದನ್ನೂ ತಂದೆ. ಆಮೇಲೆ ನೀನು ನೆಲ ನೋಡುತ್ತ ಒಂದೇ ಉಸಿರಿಗೆ ಹೇಳಿದೆ: ಹೃದಯದ ಕವಾಟ ಇನ್ನೂ ಕೆಟ್ಟೇ ಇದೆ, ಬಸಿರಾದರೆ ಉಳಿಯುವುದು ಕಷ್ಟವೆಂದು ಡಾಕ್ಟರು ಹೇಳಿದ್ದಾರೆ, ಅಪ್ಪ ಇದನ್ನು ಗಂಡಿನ ಮನೆಗೆ ತಿಳಿಸಿಲ್ಲ, ನನಗೆ ಹೆದರಿಕೆಯಾಗುತ್ತದೆ.

ಕನ್ನಡದವರೆಲ್ಲ ನನ್ನ ಬಾಯಿ ನೋಡುತ್ತಿದ್ದರು. ಮಾರ್ಥಕ್ಕನೂ. ಮಾತಿನ ಭರದಲ್ಲಿ ನಿನ್ನ ಬಾಯಿ ಜಾರಿದೆ, ಈಗ ನಿನ್ನ ಮದುವೆ ನನ್ನ ನಾಲಗೆಯ ಮೇಲೆ ನಿಂತಿದೆ ಎಂದುಕೊಂಡೆ. "ಎದೀ ಬ್ಯಾನಿ ಇತ್ತಂತ. ದೇವರು ವಾಸಿ ಮಾಡ್ಯಾನ" ಎಂದುಬಿಟ್ಟೆ.

"ಸ್ತೋತ್ರ" ಎಂದರು ಎಲ್ಲರೂ. ಮಾರ್ಥಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು. ಎರಡೂ ಭಾಷೆ ಬಲ್ಲವರು ಕೆಲವರಿದ್ದರು. ಅವರ್ಯಾರೂ ತುಟಿ ಬಿಚ್ಚಲಿಲ್ಲ. ಅವರಲ್ಲೊಬ್ಬಳು ಆಮೇಲೆ ನನ್ನ ತೋಳು ಹಿಂಡಿ, "ಶಾಣ್ಯಾಕಿ ಅದಿ ಬೇ. ಉಳಿಸಿದಿ ಆಕೀನ" ಎಂದಳು. ನನಗೆ ಹೆಮ್ಮೆಯಾಯಿತು, ಶಾಲನ್. ಅದನ್ನೂ ಹೇಳಿಬಿಡುತ್ತೇನೆ.

ನಳದ ಹತ್ತಿರ ತಟ್ಟೆ ತೊಳೆಯುವಾಗ ನೀನು ಕನ್ನಡದಲ್ಲೇ ಕೇಳಿದೆ.

"ಯಾಕ ಹಂಗ ಹೇಳಿದಿ?"

"ಮಾರ್ಥಕ್ಕ ಎದುರಿಗೇ ಕುಂತಿದ್ರಲ್ಲ. ನೋಡಲಿಲ್ಲೇನು ನೀ?"

"ನೋಡಿದ್ದೆ. ಅವರಿಗೇ ಹೇಳಾಕತ್ತಿದ್ದೆ."

ನಾನು ನಳ ನಿಲ್ಲಿಸಿದೆ. "ಹಂಗಾರ ಈಗ ಹೋಗಿ ಹೇಳೂಣು, ನಡಿ" ಎಂದೆ.

"ಆಗೊಮ್ಮೆ ಧೈರ್ಯ ಬಂದಿತ್ತು. ಹೋತು," ಎಂದೆ ನೀನು. ಆಮೇಲೆ ನಕ್ಕೆ. "ಆಪರೇಶನ್ ಇಲ್ಲದ ವಾಸಿ ಮಾಡಿದಿ ನೋಡು ನನ್ನ. ದೊಡ್ಡ ಡಾಕ್ಟರು ನೀ."

ರವಿವಾರ ಬೆಳಿಗ್ಗೆ ನಾನು ಅಡುಗೆಮನೆಗೆ ಹೋದದ್ದು ನಿನಗೆ ಗೊತ್ತಿಲ್ಲ. ಹೇಳಿಯೇ ತೀರಬೇಕು ಎಂದು ಹೋಗಿದ್ದೆ. ಮಾರ್ಥಕ್ಕ ಉಪ್ಪಿಟ್ಟು ತಿರುವುತ್ತ, "ಶಾಲನ್ ಭಾಳ ಚೊಲೊ ಹುಡುಗಿ, ಅಲ್ಲೇನವಾ?" ಎಂದರು. "ಹೌದ್ರಿ" ಎಂದೆ. ಅಷ್ಟೇ. ತಟ್ಟೆ ಹಿಡಿದುಕೊಂಡು ಹೊರಗೆ ಬಂದೆ. ಇನ್ನೊಂದು ಮಾತು ಆಡಿದ್ದರೆ...

ನಿನ್ನ ಮದುವೆಯಾದ ಮೇಲೆ, ಗಂಡನಿಗೆ ಹೇಳಿದೆಯಾ ಎಂದು ನಾನು ಬರೆದಾಗಲೆಲ್ಲ, "ವಾಸಿಯಾದವಳು ಏನು ಹೇಳಲಿ?" ಎಂದು ಉತ್ತರಿಸುತ್ತಿದ್ದೆ. ಕೊನೆಯ ನೀಲಿ ಪತ್ರದಲ್ಲಿ ಏಳನೆಯ ತಿಂಗಳು ಎಂದು ಬರೆದಿದ್ದೆ. ಮಲಗಿದರೆ ಉಸಿರು ಸಿಗುವುದಿಲ್ಲ, ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತೇನೆ ಎಂದಿದ್ದೆ. ನಾನು ಉತ್ತರ ಬರೆಯುವ ಮೊದಲೇ ಸುದ್ದಿ ಬಂತು. ಕೂಸೂ ಉಳಿಯಲಿಲ್ಲವಂತೆ. ಆ ದಿನ ಮಾರ್ಥಕ್ಕನಿಗೆ ತಿಳಿದಿದ್ದರೆ ಮದುವೆ ಮುರಿದುಬೀಳುತ್ತಿತ್ತೋ, ಇಲ್ಲ ಅವರೇ ನಿನ್ನನ್ನು ಕರೆದುಕೊಂಡು ಹೋಗಿ ಆಪರೇಶನ್ ಮಾಡಿಸುತ್ತಿದ್ದರೋ? ಯಾವುದಾಗಿದ್ದರೂ ಇವತ್ತು ನೀನು ಇರುತ್ತಿದ್ದೆ ಎನಿಸುತ್ತದೆ.

ನಿನಗೆ ಗೊತ್ತಿಲ್ಲದ ಇನ್ನೊಂದು ಸುದ್ದಿ ಇದೆ. ಹೋದ ವಾರ ಮಾರ್ಥಕ್ಕ ಸಂತೆಗೆ ಬಂದವರು ನಮ್ಮ ಮನೆಗೂ ಬಂದಿದ್ದರು. ಚಹಾ ಕುಡಿಯುತ್ತ ಅವ್ವನಿಗೆ ಹೇಳಿದರು: "ಸತ್ತಾಕಿ ಬಗ್ಗೆ ಆಡಬಾರದ್ರಿ. ಖರೆ ದೇವರ ಮುಂದ ನಿಂತು, ವಾಸಿ ಆಗೈತಿ ಅಂತ ಸುಳ್ಳ ಸಾಕ್ಷಿ ಹೇಳಿದ್ಳು. ಅದಕ್ಕ ಹಿಂಗಾತು. ನಮ್ಮ ಸಭಾದಾಗ ಎಲ್ಲಾರೂ ಅದನ್ನ ಅಂತಾರ." ಅವ್ವ ನನ್ನ ಕಡೆ ತಿರುಗಿ, "ನೀನೂ ಇದ್ದಿಯಲ್ಲ ಅಲ್ಲಿ?" ಎಂದಳು. ನಾನು ಕಪ್ಪು ಬಸಿ ಎತ್ತಿಕೊಂಡು ಒಳಗೆ ಹೋದೆ.

ನಿನ್ನ ಜೀವ ಹೋದದ್ದು ಸಾಲದು ಎಂಬಂತೆ ನಿನ್ನ ಹೆಸರೂ ಹೀಗೆ... ಕ್ಷಮೆ ಕೇಳೋಣವೆಂದರೆ ಯಾರನ್ನು ಕೇಳಲಿ? ಪ್ರಾರ್ಥನೆಗೆ ಕೂತರೆ ಎಲ್ಲರೂ ಕೂಡಿ ಸ್ತೋತ್ರ ಎಂದ ಆ ಸದ್ದೇ ಕೇಳಿಸುತ್ತದೆ. ಎದ್ದುಬಿಡುತ್ತೇನೆ. ಆ ಶಿಬಿರದ ನಂತರ ನಾನು ಪ್ರಾರ್ಥನೆ ಮುಗಿಸಿದ ದಿನಗಳು ಕಡಿಮೆ.

ನಾಡಿದ್ದು ರವಿವಾರ ರಾಯಬಾಗಕ್ಕೆ, ಮಾರ್ಥಕ್ಕನ ಚರ್ಚಿಗೆ ಹೋಗುತ್ತೇನೆ. ಆರಾಧನೆ ಮುಗಿದು ಜನ ಏಳುವ ಮೊದಲೇ ಎದ್ದು ನಿಂತು, ಆ ಸುಳ್ಳು ನನ್ನದು, ಶಾಲನ್ ಹೇಳಿದ್ದು ಇದು ಎಂದು ಪೂರ್ತಿ ಹೇಳುತ್ತೇನೆ. ನಿನ್ನ ಅಪ್ಪನ ಮಾತೂ ಅದರಲ್ಲಿ ಬರುತ್ತದೆ; ಅವರು ಬೋರಗಾಂವದಲ್ಲಿ ತಲೆಯೆತ್ತಿ ತಿರುಗಲಿಕ್ಕಿಲ್ಲ. ಮಾರ್ಥಕ್ಕ ಇನ್ನು ನಮ್ಮ ಹೊಸ್ತಿಲು ತುಳಿಯಲಿಕ್ಕಿಲ್ಲ. ಇದರಿಂದ ಯಾರಿಗೂ ಒಳ್ಳೆಯದಾಗುವುದಿಲ್ಲ, ನಿನಗಂತೂ ಏನೂ ಆಗುವುದಿಲ್ಲ. ಗೊತ್ತಿದ್ದೇ ಹೋಗುತ್ತೇನೆ. ಅವ್ವನಿಗೆ ಇನ್ನೂ ಹೇಳಿಲ್ಲ. ಮೊದಲು ನಿನಗೆ ಹೇಳುತ್ತಿದ್ದೇನೆ.

ವಿಮಲಾ