ಕಾಲ ಕೆಳಗಿನ ಹಲಗೆ

ಪ್ರೀತಿಯ ಅಪ್ಪನಿಗೆ,

ಚರ್ಚು ಪುರಸಭೆ ಕಚೇರಿಯಾದ ಚರಿತ್ರೆಯನ್ನು ಗೋಡೆಯ ಫಲಕಕ್ಕಾಗಿ ಬರೆದುಕೊಡಲು ಆಫೀಸಿನಲ್ಲಿ ನನಗೆ ಹೇಳಿದ್ದಾರೆ. ಹಳೆಯ ಬೆಂಚುಗಳನ್ನು ಕುಯ್ದು ನಮ್ಮ ಕೌಂಟರುಗಳನ್ನು ಮಾಡಿದ ಬಡಗಿ ನೀವೆಂದು ಬರೆದೆ. ಆಮೇಲೆ ನೀವು ಒಳಗೆ ಕಾಲಿಡಲೇ ಇಲ್ಲ ಎಂಬುದನ್ನು ಬಿಟ್ಟೆ.

ನನ್ನ ಕೌಂಟರಿನ ಕೆಳಗೆ ನಾನು ಕಾಲಿಡುವ ಹಲಗೆಯಲ್ಲಿ ಎರಡು ತಗ್ಗುಗಳಿವೆ. ಗುಮಾಸ್ತರ ಚಪ್ಪಲಿಗೆ ಸವೆದದ್ದೆಂದು ಇಪ್ಪತ್ತು ವರ್ಷ ನಂಬಿದ್ದೆ. ಮೊನ್ನೆ ಬಿದ್ದ ಪೆನ್ನು ಹುಡುಕಲು ಮಂಡಿಯೂರಿದಾಗ ನನ್ನ ಮೊಣಕಾಲುಗಳು ಅಲ್ಲಿ ಸರಿಯಾಗಿ ಕೂತವು. ಅದು ಹಳೆಯ ಬೆಂಚಿನ ಹಲಗೆ, ಜನ ಮಂಡಿಯೂರಿ ಪ್ರಾರ್ಥಿಸುತ್ತಿದ್ದದ್ದು. ಚರ್ಚಿನಲ್ಲಿ ಅಮ್ಮ ಕೂರುತ್ತಿದ್ದ ಜಾಗದ್ದೋ ಏನೋ, ನಿಮಗೇ ಗೊತ್ತು.

"ನಿಮ್ಮಪ್ಪನ್ನೇ ಕರೆಸಿ ಮೇಡಂ, ಉಜ್ಜಿ ಸಮ ಮಾಡ್ಲಿ. ಮನೇಲಿ ಕೂತು ತುಕ್ಕು ಹಿಡೀತಿರ್ತಾರೆ" ಎಂದರು ತಗ್ಗು ನೋಡಿದ ನಮ್ಮ ಸಾಹೇಬರು. ಸುಸ್ತಾಗಿತ್ತು, ಹೂಂ ಅಂದುಬಿಟ್ಟೆ.

ಸೋಮವಾರ ಬನ್ನಿ. ಉಜ್ಜುಗೊರಡು ಮನೆಯಲ್ಲೇ ಇರಲಿ.

ನಿಮ್ಮ ಮಗಳು